ನಾಲ್ಕು, ಏಳು, ಒಂಬತ್ತು: ಒಂದೇ ಭಿನ್ನರಾಶಿ, ಮೂರು ತರಗತಿ

12/13 ಮತ್ತು 7/8. ಇವೆರಡನ್ನೂ ಕೂಡಿಸಿದರೆ ಉತ್ತರ ಯಾವ ಸಂಖ್ಯೆಯ ಹತ್ತಿರ ಬರುತ್ತದೆ? 1, 2, 19, 21. ಈ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಪೂರ್ತಿ ಲೆಕ್ಕ ಬೇಡ, ಅಂದಾಜು ಸಾಕು.

1978ರಲ್ಲಿ ಅಮೆರಿಕದಲ್ಲಿ ನಡೆದ ರಾಷ್ಟ್ರಮಟ್ಟದ ಕಲಿಕಾ ಸಮೀಕ್ಷೆಯಲ್ಲಿ 13 ವರ್ಷದ ಮಕ್ಕಳಿಗೆ ಈ ಪ್ರಶ್ನೆ ಕೇಳಿದ್ದರು. 2 ಅಂತ ಸರಿಯಾಗಿ ಹೇಳಿದವರು ನೂರಕ್ಕೆ 24 ಮಕ್ಕಳು ಮಾತ್ರ. 19 ಅಂದವರು, 21 ಅಂದವರು ಸೇರಿದರೆ ಅರ್ಧಕ್ಕಿಂತ ಜಾಸ್ತಿ. ಮೇಲಿನ ಎರಡು ಸಂಖ್ಯೆ ಕೂಡಿಸಿದರೆ 19, ಕೆಳಗಿನ ಎರಡು ಕೂಡಿಸಿದರೆ 21. ಆ ಮಕ್ಕಳಿಗೆ ಕೂಡಿಸುವುದು ಚೆನ್ನಾಗಿ ಬರುತ್ತಿತ್ತು. 12/13 ಅನ್ನುವುದು ಒಂದು ಸಂಖ್ಯೆ, ಅದು 1ಕ್ಕಿಂತ ಸ್ವಲ್ಪವೇ ಕಡಿಮೆ ಅನ್ನುವುದು ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ.

ಗಣಿತ ಕಲಿಸುವವರಿಗೆ ಇದು ಹೊಸ ಸುದ್ದಿಯೇನಲ್ಲ. ಯಾವ ತರಗತಿಯಲ್ಲಿ ಕೇಳಿದರೂ 19, 21 ಬಂದೇ ಬರುತ್ತದೆ. ಒಂದು ವರ್ಷ ನನಗೆ ನಾಲ್ಕು, ಏಳು, ಒಂಬತ್ತು, ಈ ಮೂರೂ ತರಗತಿಗೆ ಭಿನ್ನರಾಶಿ ಪಾಠ ಮಾಡುವ ಅವಕಾಶ ಸಿಕ್ಕಿತು. ಒಂದೇ ವಿಷಯ, ಮೂರು ವಯಸ್ಸು. ಪ್ರತಿ ತರಗತಿಯಲ್ಲೂ ಬೇರೆ ಬೇರೆ ಥರ ಕಲಿಯುವ ಮಕ್ಕಳು. ಹಾಗಾಗಿ ವರ್ಷದ ಶುರುವಿನಲ್ಲೇ ಒಂದು ನಿರ್ಧಾರ ಮಾಡಿದೆ. ಯಾವ ಮಗುವಿಗೂ ಗುರಿಯನ್ನು ಇಳಿಸುವುದಿಲ್ಲ. ಗುರಿಗೆ ಹೋಗುವ ದಾರಿಯಲ್ಲಿ ಏನು ಅಡ್ಡ ಬರುತ್ತಿದೆಯೋ ಅದನ್ನು ಹುಡುಕಿ ತೆಗೆಯುತ್ತೇನೆ. ಕೇಳುವುದಕ್ಕೆ ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಆ ಅಡ್ಡಿ ವಯಸ್ಸಿಗೆ ತಕ್ಕ ಹಾಗೆ ರೂಪ ಬದಲಿಸುತ್ತದೆ. ಆ ವರ್ಷ ನಾನು ಕಲಿತಿದ್ದೇ ಅದು.

ನಾಲ್ಕನೇ ತರಗತಿಯಿಂದ ಶುರು ಮಾಡುತ್ತೇನೆ. ಪಾಠದ ಯೋಜನೆ ಬರೆಯುವ ಮೊದಲು ಗುರಿಯನ್ನು ಒಂದೇ ಸಾಲಿನಲ್ಲಿ ಬರೆದುಕೊಂಡೆ: "ಎರಡು ಭಿನ್ನರಾಶಿ ಕೊಟ್ಟರೆ ಯಾವುದು ದೊಡ್ಡದು, ಯಾಕೆ ಅಂತ ಮಗು ಹೇಳಬೇಕು." ಈ ಒಂದು ಸಾಲು ಮುಂದೆ ಎಷ್ಟು ಕೆಲಸಕ್ಕೆ ಬಂತು ಅಂದರೆ, ಈಗ ಗುರಿ ಬರೆಯದೆ ಯಾವ ಪಾಠವನ್ನೂ ನಾನು ಶುರು ಮಾಡುವುದಿಲ್ಲ.

ಸಾಮಗ್ರಿ ಸರಳ. ಒಂದೇ ಉದ್ದದ ಕಾಗದದ ಪಟ್ಟಿಗಳು. ಮಡಿಸಿದರೆ ಅರ್ಧ, ಇನ್ನೊಮ್ಮೆ ಮಡಿಸಿದರೆ ಕಾಲು, ಮತ್ತೊಮ್ಮೆ ಮಡಿಸಿದರೆ ಎಂಟನೇ ಒಂದು. ತರಗತಿಯಲ್ಲಿ ಒಬ್ಬ ಹುಡುಗನಿಗೆ ಕೈಬೆರಳುಗಳಲ್ಲಿ ಶಕ್ತಿ ಕಡಿಮೆ. ಅವನು ಮಡಿಸಿದರೆ ಅಂಚು ಕೂಡುತ್ತಿರಲಿಲ್ಲ. ತುಂಡುಗಳು ಸಮ ಇಲ್ಲದಿದ್ದರೆ ಪಾಠವೇ ಕೆಟ್ಟುಹೋಗುತ್ತದೆ. ಗುರಿಯ ಸಾಲನ್ನು ಮತ್ತೊಮ್ಮೆ ನೋಡಿದೆ. ಅದರಲ್ಲಿ ಮಡಿಸುವ ಮಾತೇ ಇಲ್ಲ. ಮೊದಲೇ ಮಡಿಸಿ ಗೆರೆ ಮೂಡಿಸಿದ ಪಟ್ಟಿಗಳನ್ನು ಒಂದು ಡಬ್ಬಿಯಲ್ಲಿ ಇಟ್ಟೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು ಅಂದೆ. ಅವನು ತೆಗೆದುಕೊಂಡ. ಅವನ ಜೊತೆ ಇನ್ನೂ ಹಲವರು ತೆಗೆದುಕೊಂಡರು. ಮೂರು ಸಮಭಾಗ ಮಾಡುವುದು ದೊಡ್ಡವರಿಗೇ ಕಷ್ಟ. ಅವನಿಗಾಗಿ ಮಾಡಿದ ಡಬ್ಬಿ ಅರ್ಧ ತರಗತಿಯ ಸಮಯ ಉಳಿಸಿತು.

ಇನ್ನೊಬ್ಬಳಿಗೆ ದೃಷ್ಟಿ ಮಂದ. ತೆಳು ಗೆರೆಗಳು ಅವಳಿಗೆ ಕಾಣುತ್ತಿರಲಿಲ್ಲ. ಮಡಿಕೆಯ ಗೆರೆಯ ಮೇಲೆ ದಪ್ಪ ಕಪ್ಪು ಬಣ್ಣ ಹಾಕಿ, ಅದರ ಮೇಲೆ ದಾರ ಅಂಟಿಸಿದೆ. ಬೆರಳಾಡಿಸಿದರೆ ಎಲ್ಲಿ ಒಂದು ಭಾಗ ಮುಗಿದು ಇನ್ನೊಂದು ಶುರುವಾಗುತ್ತದೆ ಅಂತ ಗೊತ್ತಾಗುತ್ತದೆ. ಉಳಿದ ಮಕ್ಕಳು ಅದನ್ನು ನೋಡಿ ಸುಮ್ಮನೆ ಇರುತ್ತಾರಾ? ಕಣ್ಣು ಮುಚ್ಚಿಕೊಂಡು ಪಟ್ಟಿ ಮುಟ್ಟಿ "ಇದು ಕಾಲು, ಇದು ಎಂಟನೇ ಒಂದು" ಅಂತ ಹೇಳುವ ಆಟ ಅವರೇ ಕಟ್ಟಿದರು. ಆ ಆಟದಲ್ಲಿ ಎಲ್ಲರಿಗಿಂತ ಬೇಗ ಹೇಳುತ್ತಿದ್ದವಳು ಅವಳೇ. ಮುಟ್ಟಿ ತಿಳಿಯುವ ಅಭ್ಯಾಸ ಅವಳಿಗೆ ಮೊದಲಿನಿಂದ ಇತ್ತು.

ಭಾಷೆಯದು ಇನ್ನೊಂದು ಕಥೆ. ಮನೆಯಲ್ಲಿ ಬೇರೆ ಭಾಷೆ ಮಾತಾಡುವ ಕೆಲವು ಮಕ್ಕಳು ಪಟ್ಟಿಗಳನ್ನು ಸರಿಯಾಗಿ ಜೋಡಿಸುತ್ತಿದ್ದರು. "ಯಾಕೆ?" ಅಂತ ಕೇಳಿದರೆ ಮಾತು ಬರುತ್ತಿರಲಿಲ್ಲ. ಒಂದೇ ಮನೆಮಾತಿನವರು ಮೊದಲು ತಮ್ಮ ಭಾಷೆಯಲ್ಲೇ ಚರ್ಚೆ ಮಾಡಲಿ ಅಂತ ಬಿಟ್ಟೆ. ಆಮೇಲೆ ಗೋಡೆಯ ಮೇಲೆ ಅರ್ಧ ಬರೆದ ವಾಕ್ಯಗಳನ್ನು ಅಂಟಿಸಿದೆ. "ನನ್ನ ತುಂಡು ___ಗಿಂತ ದೊಡ್ಡದು, ಯಾಕೆಂದರೆ ___." ಖಾಲಿ ಜಾಗ ತುಂಬಿ ಹೇಳಿದರೆ ಪೂರ್ತಿ ವಾಕ್ಯ ಆಗುತ್ತದೆ. ಈ ವಾಕ್ಯಗಳು ತರಗತಿಯ ಭಾಷೆ ಚೆನ್ನಾಗಿ ಬರುವ ಮಕ್ಕಳಿಗೂ ಬೇಕಿದ್ದವು ಅಂತ ಆಗ ತಿಳಿಯಿತು. "ಯಾಕೆಂದರೆ" ಅಂತ ಶುರು ಮಾಡಿ ಕಾರಣ ಕೊಡುವುದು ಒಂಬತ್ತು ವರ್ಷದ ಯಾವ ಮಗುವಿಗೂ ತಾನಾಗಿ ಬರುವುದಿಲ್ಲ.

1/8 ದೊಡ್ಡದೋ 1/4 ದೊಡ್ಡದೋ ಅಂದರೆ ತುಂಬಾ ಮಕ್ಕಳು ಮೊದಲು 1/8 ಅನ್ನುತ್ತಾರೆ. 8 ದೊಡ್ಡದಲ್ವಾ, ಅದಕ್ಕೆ. ನಾನು ಸರಿ ತಪ್ಪು ಅನ್ನದೆ "ಮಾಡಿ ತೋರಿಸು" ಅಂದೆ. ಒಬ್ಬ ಪಟ್ಟಿ ಮಡಿಸುತ್ತಾ ಮಡಿಸುತ್ತಾ ತಾನೇ ಹೇಳಿದ, "ಮಡಿಸಿದಷ್ಟೂ ಚಿಕ್ಕದಾಗ್ತಾ ಹೋಗುತ್ತೆ ಮಿಸ್." ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬಳು ಒಂದು ಉದ್ದ ಪಟ್ಟಿ, ಒಂದು ಗಿಡ್ಡ ಪಟ್ಟಿ ಹಿಡಿದುಕೊಂಡು ಬಂದಳು. "ಇದರ ಕಾಲು ಅದರ ಅರ್ಧಕ್ಕಿಂತ ದೊಡ್ಡದಿದೆ. ಹಾಗಾದ್ರೆ ಕಾಲು ದೊಡ್ಡದಾ?" ಎಂಥಾ ಪ್ರಶ್ನೆ! ಹೋಲಿಸಬೇಕಾದರೆ ಪೂರ್ಣ ಒಂದೇ ಇರಬೇಕು ಅನ್ನುವ ಮಾತನ್ನು ನಾನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೆ. ಅವತ್ತೇ ಅದನ್ನು ಎತ್ತಿಕೊಂಡೆವು. ಯೋಜನೆಯ ಕ್ರಮ ತಪ್ಪಿತು, ತಪ್ಪಲಿ. ಮಗುವಿನ ಪ್ರಶ್ನೆ ಬಿಸಿಯಾಗಿರುವಾಗಲೇ ಅದಕ್ಕೆ ಜಾಗ ಕೊಡಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಬೇಗ ಮುಗಿಸುವ ಮಕ್ಕಳ ಬಗ್ಗೆ ಒಂದು ಮಾತು. ಎಲ್ಲರನ್ನೂ ಒಳಗೊಳ್ಳುವುದು ಅಂದಾಗ ಅವರನ್ನು ಮರೆಯುತ್ತೇವೆ. ಅದೇ ಥರದ ಇನ್ನೂ ಹತ್ತು ಲೆಕ್ಕ ಕೊಟ್ಟರೆ ಅವರಿಗೆ ಅದು ಶಿಕ್ಷೆ. ಅದರ ಬದಲು ಇಡೀ ತರಗತಿಗೆ ಹೀಗೆ ಕೇಳಿದೆ: "1/2ಕ್ಕಿಂತ ದೊಡ್ಡದು, 1ಕ್ಕಿಂತ ಚಿಕ್ಕದು. ಅಂಥ ಭಿನ್ನರಾಶಿ ಎಷ್ಟು ಬರೆಯುತ್ತೀರಿ?" ಕೆಲವರು ಪಟ್ಟಿ ನೋಡಿ 3/4 ಬರೆದರು. ಕೆಲವರು 2/3, 3/4, 4/5, 5/6 ಅಂತ ಸಾಲು ಹಿಡಿದರು. "ಇದು ಮುಗಿಯೋದೇ ಇಲ್ಲ ಮಿಸ್" ಅಂತ ಒಬ್ಬಳು ಕೂಗಿದಳು. ಪ್ರಶ್ನೆ ಒಂದೇ. ಯಾರೂ ಹೊರಗೆ ಉಳಿಯಲಿಲ್ಲ, ಯಾರಿಗೂ ಬೇಜಾರೂ ಆಗಲಿಲ್ಲ.

ಏಳನೇ ತರಗತಿಗೆ ಬಂದರೆ ಗಾಳಿಯೇ ಬೇರೆ. ಅಲ್ಲಿ ಅಡ್ಡಿಯ ಹೆಸರು ನಾಚಿಕೆ. ನಾಲ್ಕನೇ ತರಗತಿಯಲ್ಲಿ ತಪ್ಪು ಉತ್ತರ ಕೊಟ್ಟರೂ ಮಕ್ಕಳು ಮತ್ತೆ ಕೈ ಎತ್ತುತ್ತಾರೆ. ಹನ್ನೆರಡು, ಹದಿಮೂರರಲ್ಲಿ ಕೈ ಎತ್ತುವವರು ಅದೇ ನಾಲ್ಕೈದು ಮಂದಿ. ಉಳಿದವರು ಬೋರ್ಡ್ ನೋಡುತ್ತಾ ಕೂರುತ್ತಾರೆ. ಕಾಗದದ ಪಟ್ಟಿ ತೆಗೆದರೆ "ಅದು ಚಿಕ್ಕ ಮಕ್ಕಳದು" ಅನ್ನುವ ಮುಖ. ಭಿನ್ನರಾಶಿ ಗಟ್ಟಿಯಾಗದ ಮಕ್ಕಳು ಇಲ್ಲಿ ತುಂಬಾ ಇದ್ದರು. ಆದರೆ ಹಿಂದಕ್ಕೆ ಹೋಗಿ ಕಲಿಯುತ್ತಿದ್ದೇವೆ ಅನ್ನಿಸಿದರೆ ಅವರು ಬರುವುದಿಲ್ಲ.

ಅದಕ್ಕೆ ಸಂಖ್ಯಾರೇಖೆ ಹಿಡಿದೆ. ತರಗತಿಯ ಒಂದು ಗೋಡೆಯಿಂದ ಇನ್ನೊಂದಕ್ಕೆ ಹಗ್ಗ ಕಟ್ಟಿದೆ. ಗಾಲಿಕುರ್ಚಿಯಲ್ಲಿ ಕೂತವರಿಗೂ ಕೈಗೆ ಸಿಗುವ ಎತ್ತರಕ್ಕೇ ಕಟ್ಟಿದೆ. 0, 1, 2 ಕಾರ್ಡ್‌ಗಳನ್ನು ಕ್ಲಿಪ್ ಹಾಕಿ ನೇತುಹಾಕಿದೆ. ಪ್ರತಿ ಜೋಡಿಗೂ ಒಂದು ಕಾರ್ಡ್: 3/5, 0.35, 0.4, 7/8, 5/4, 12/13. ಎಲ್ಲಿ ನೇತುಹಾಕಬೇಕು, ಯಾಕೆ ಅಂತ ಇಬ್ಬರೂ ಒಪ್ಪಿದ ಮೇಲೆ ಹೋಗಿ ಹಾಕಬೇಕು. 0.35 ಕಾರ್ಡ್ 0.4ರ ಬಲಕ್ಕೆ ಹೋಯಿತು. 35 ಅನ್ನುವುದು 4ಕ್ಕಿಂತ ದೊಡ್ಡದಲ್ವಾ! ನಾಲ್ಕನೇ ತರಗತಿಯ 1/8ರ ತಪ್ಪು ಇಲ್ಲಿ ಬೇರೆ ಬಟ್ಟೆ ಹಾಕಿಕೊಂಡು ಬಂದಿದೆ. ಯಾರು ಹಾಕಿದರು ಅಂತ ಯಾರೂ ಕೇಳಲಿಲ್ಲ. "ಈ ಕಾರ್ಡ್ ಇಲ್ಲಿರಬೇಕಾ?" ಅಂತ ಮಾತ್ರ ಚರ್ಚೆ. ತಪ್ಪು ಹಗ್ಗದ ಮೇಲಿತ್ತು, ಮಗುವಿನ ತಲೆಯ ಮೇಲೆ ಇರಲಿಲ್ಲ. ಕೊನೆಗೆ 12/13, 7/8 ಎರಡೂ 1ರ ಪಕ್ಕ ಎಡಕ್ಕೆ ಬಂದು ಕೂತ ಮೇಲೆ ಆ ಹಳೇ ಪ್ರಶ್ನೆ ಕೇಳಿದೆ. "ಎರಡರ ಹತ್ತಿರ" ಅಂತ ಉತ್ತರ ಬಂತು.

ಈ ವಯಸ್ಸಿನಲ್ಲಿ ಮಾತಾಡುವ ಕ್ರಮ ಬದಲಿಸುವುದು ಸಾಮಗ್ರಿಗಿಂತ ಮುಖ್ಯ. 1981ರಲ್ಲಿ ಫ್ರಾಂಕ್ ಲೈಮನ್ ಎಂಬ ಶಿಕ್ಷಣ ತಜ್ಞರು ಒಂದು ಸರಳ ಕ್ರಮ ಸೂಚಿಸಿದರು. ಮೊದಲು ಒಬ್ಬರೇ ಯೋಚಿಸಬೇಕು, ಆಮೇಲೆ ಪಕ್ಕದವರ ಜೊತೆ ಮಾತಾಡಬೇಕು, ಆಮೇಲೆ ಎಲ್ಲರ ಮುಂದೆ ಹೇಳಬೇಕು. ನಾನು ಅದಕ್ಕೆ ಬರೆಯುವುದನ್ನೂ ಸೇರಿಸಿದೆ. ತೊದಲುವ ಒಬ್ಬ ಹುಡುಗ ಇದ್ದ. ಬರೆದುಕೊಂಡು, ಗೆಳೆಯನಿಗೆ ಒಮ್ಮೆ ಹೇಳಿ, ಆಮೇಲೆ ಎಲ್ಲರ ಮುಂದೆ ಹೇಳುವಾಗ ಅವನಿಗೆ ಧೈರ್ಯ ಇರುತ್ತಿತ್ತು. ಅವನು ಮುಗಿಸುವ ತನಕ ಯಾರೂ ಅವನ ವಾಕ್ಯ ಪೂರ್ತಿ ಮಾಡಬಾರದು ಅನ್ನುವ ನಿಯಮ ಮಾಡಿದೆವು. ಆ ನಿಯಮ ನನಗೂ ಅನ್ವಯ.

ಕಾಯುವುದೂ ಒಂದು ಕೆಲಸ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಅಂತ ಮೇರಿ ಬಡ್ ರೋವ್ 1970ರ ದಶಕದಲ್ಲಿ ತೋರಿಸಿದರು. ಮೂರು ಸೆಕೆಂಡು ಕಾದರೆ ಸಾಕು, ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ. ನಾನು ಮನಸ್ಸಿನಲ್ಲೇ ಐದರ ತನಕ ಎಣಿಸುತ್ತಿದ್ದೆ. ತರಗತಿಯಲ್ಲಿ ಐದು ಸೆಕೆಂಡಿನ ಮೌನ ತುಂಬಾ ಉದ್ದ ಅನ್ನಿಸುತ್ತದೆ. ಮಕ್ಕಳಿಗೂ ಅನ್ನಿಸುತ್ತದೆ. ಒಂದೆರಡು ವಾರದಲ್ಲಿ ಇಬ್ಬರಿಗೂ ರೂಢಿಯಾಗುತ್ತದೆ.

ಒಂದು ಕಿವಿ ಮಾತ್ರ ಕೇಳುವ ಹುಡುಗಿಯೂ ಇದೇ ತರಗತಿಯಲ್ಲಿದ್ದಳು. ಕೇಳುವ ಕಿವಿ ತರಗತಿಯ ಕಡೆ ಇರುವ ಹಾಗೆ ಅವಳ ಜಾಗ ಬದಲಿಸಿದೆ. ಬೋರ್ಡಿನ ಕಡೆ ತಿರುಗಿ ಮಾತಾಡುವುದನ್ನು ನಿಲ್ಲಿಸಿದೆ. ಹಿಂದಿನಿಂದ ಯಾರಾದರೂ ಪ್ರಶ್ನೆ ಕೇಳಿದರೆ ಅದನ್ನು ಜೋರಾಗಿ ಇನ್ನೊಮ್ಮೆ ಹೇಳಿ ಆಮೇಲೆ ಉತ್ತರಿಸುತ್ತಿದ್ದೆ. ಹಣ ಬೇಡ, ಉಪಕರಣ ಬೇಡ, ನಮ್ಮ ಅಭ್ಯಾಸ ಮಾತ್ರ ಬದಲಾಗಬೇಕು.

ಓದುವುದಕ್ಕೆ ಕಷ್ಟಪಡುವ, ಡಿಸ್‌ಲೆಕ್ಸಿಯಾ ಇರುವ ಮಕ್ಕಳ ವಿಷಯದಲ್ಲಿ ಸಹೋದ್ಯೋಗಿಯೊಬ್ಬರು ನೇರವಾಗಿ ಕೇಳಿದರು. "ಪ್ರಶ್ನೆ ನೀವೇ ಓದಿ ಹೇಳಿದ್ರೆ ಅವರು ಓದೋದನ್ನ ಕಲಿಯೋದು ಯಾವಾಗ ಮೇಡಂ?" ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಮತ್ತೆ ಗುರಿಯ ಸಾಲಿಗೇ ಹೋಗುತ್ತದೆ. ಭಾಷಾ ಪಾಠದಲ್ಲಿ ಓದುವುದೇ ಗುರಿ, ಅಲ್ಲಿ ಓದಿಸಬೇಕು. ಭಿನ್ನರಾಶಿ ಗೊತ್ತಿದೆಯೇ ಅಂತ ನೋಡುವಾಗ ಓದು ಬಾಗಿಲಲ್ಲಿ ನಿಂತು ತಡೆಯಬಾರದು. ಅವರು ಪೂರ್ತಿ ಒಪ್ಪಲಿಲ್ಲ. ಆದರೆ ಮುಂದಿನ ತಿಂಗಳು ವಿಜ್ಞಾನದ ಟೆಸ್ಟಿನಲ್ಲಿ ಅವರೂ ಪ್ರಶ್ನೆಗಳನ್ನು ಓದಿ ಹೇಳಿದರು.

ಈಗ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಕೆಲಸಕ್ಕೆ ಬರುತ್ತೇನೆ. ಅದು ಅಂಗೈಯಗಲದ ಒಂದು ಚೀಟಿ. ತರಗತಿ ಮುಗಿಯುವ ಮೊದಲು ಒಂದೇ ಒಂದು ಪ್ರಶ್ನೆ. ಅಂಕ ಇಲ್ಲ. ಉದಾಹರಣೆಗೆ, "1/2 + 1/3 = 2/5 ಅಂತ ಒಬ್ಬ ಗೆಳೆಯ ಬರೆದಿದ್ದಾನೆ. ಅವನಿಗೆ ಏನು ಹೇಳುತ್ತೀಯ?" ಬರೆಯಬಹುದು, ಚಿತ್ರ ಹಾಕಬಹುದು, ನನ್ನ ಹತ್ತಿರ ಬಂದು ಹೇಳಲೂಬಹುದು. "2/5 ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನೂ ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗೆ ಆಗುತ್ತೆ?" ಅಂತ ಬರೆದವಳಿಗೆ ವಿಷಯ ಬಂದಿದೆ. "ಲಸಾಅ ತೆಗೆಯಬೇಕು" ಅಂತ ಮಾತ್ರ ಬರೆದವನಿಗೆ ವಿಧಾನ ಗೊತ್ತಿದೆ, ಅರ್ಥ ಇನ್ನೂ ಕೂತಿಲ್ಲ. "ಸರಿಯಾಗಿದೆ" ಅಂತ ಬರೆದವರೂ ಇರುತ್ತಾರೆ. ಮನೆಗೆ ಹೋಗುವ ಮೊದಲು ಚೀಟಿಗಳನ್ನು ಮೂರು ರಾಶಿ ಮಾಡುತ್ತಿದ್ದೆ. ಮರುದಿನದ ಪಾಠ ಆ ರಾಶಿಗಳಿಂದ ಹುಟ್ಟುತ್ತಿತ್ತು.

ರಾಶಿ ದಿನಾ ಬದಲಾಗುತ್ತದೆ. ಇದು ತುಂಬಾ ಮುಖ್ಯ. "ದಡ್ಡರ ಬೆಂಚು" ಅನ್ನುವುದು ಎಷ್ಟು ಶಾಲೆಗಳಲ್ಲಿ ಬಾಯಿಬಿಟ್ಟು ಹೇಳದೆಯೂ ಇರುತ್ತದೆ! ವರ್ಷಪೂರ್ತಿ ಅದೇ ಗುಂಪಿನಲ್ಲಿ ಕೂತ ಮಗು ತನ್ನ ಬಗ್ಗೆ ಏನು ನಂಬುತ್ತದೆ ಅಂತ ಯೋಚಿಸಿ. ನನ್ನ ಗುಂಪುಗಳು ಆ ವಾರದ ಒಂದು ವಿಷಯಕ್ಕೆ ಮಾತ್ರ. ದಶಮಾಂಶದಲ್ಲಿ ಸಹಾಯ ಬೇಕಾದವನು ಗುಣಾಕಾರದಲ್ಲಿ ಇನ್ನೊಬ್ಬರಿಗೆ ಸಹಾಯ ಮಾಡುತ್ತಾನೆ.

ಇದನ್ನೆಲ್ಲ ಓದಿ ನಾನು ಬೋರ್ಡ್ ಮುಂದೆ ನಿಂತು ಪಾಠವನ್ನೇ ಮಾಡುತ್ತಿರಲಿಲ್ಲ ಅಂದುಕೊಳ್ಳಬೇಡಿ. ಹೊಸ ವಿಷಯ ಬಂದಾಗ ಹತ್ತು ನಿಮಿಷ ಸ್ಪಷ್ಟವಾಗಿ, ಉದಾಹರಣೆ ಬಿಡಿಸಿ ಹೇಳುತ್ತಿದ್ದೆ. ವಿದ್ಯಾರ್ಥಿಕೇಂದ್ರಿತ ಅಂದರೆ ಸದಾ ಗುಂಪು ಚಟುವಟಿಕೆ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಮಕ್ಕಳಿಗೆ ಈಗ ಏನು ಬೇಕೋ ಅದರಿಂದ ಪಾಠ ಹುಟ್ಟಿದರೆ ಅದು ವಿವರಣೆಯಾದರೂ ಸರಿ. ಹಾಗೆಯೇ "ಈ ಮಗು ನೋಡಿ ಕಲಿಯುತ್ತೆ, ಆ ಮಗು ಕೇಳಿ ಕಲಿಯುತ್ತೆ" ಅಂತ ಮಕ್ಕಳನ್ನು ವಿಂಗಡಿಸುವುದನ್ನು ತರಬೇತಿಗಳಲ್ಲಿ ಇವತ್ತಿಗೂ ಹೇಳಿಕೊಡುತ್ತಾರೆ. ಹಾರಲ್ಡ್ ಪ್ಯಾಶ್ಲರ್ ಮತ್ತು ಜೊತೆಗಾರರು 2008ರಲ್ಲಿ ಆವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿದಾಗ ಆ ವಿಂಗಡಣೆಯಂತೆ ಪಾಠ ಮಾಡಿದರೆ ಲಾಭವಿದೆ ಅನ್ನುವುದಕ್ಕೆ ಸರಿಯಾದ ಆಧಾರ ಸಿಗಲಿಲ್ಲ. ಪಟ್ಟಿ, ಹಗ್ಗ, ಚಿತ್ರ, ಮಾತು, ಚಿಹ್ನೆ ಎಲ್ಲವೂ ಎಲ್ಲ ಮಕ್ಕಳಿಗೂ ಬೇಕು.

ಒಂಬತ್ತನೇ ತರಗತಿಯಲ್ಲಿ ಭಿನ್ನರಾಶಿ ಅನ್ನುವ ಪಾಠದ ಹೆಸರೇ ಇರುವುದಿಲ್ಲ. ಬೀಜಗಣಿತದ ಒಳಗೆ ಅದು ಅಡಗಿರುತ್ತದೆ. (x + 6)/6 ಕೊಟ್ಟರೆ ಮೇಲಿನ 6, ಕೆಳಗಿನ 6 ಎರಡನ್ನೂ ಹೊಡೆದುಹಾಕಿ x ಅಂತ ಬರೆಯುತ್ತಾರೆ. x ಬದಲು 2 ಹಾಕಿ ನೋಡಿ ಅಂದರೆ 8/6 ಬರುತ್ತದೆ, 2 ಬರುವುದಿಲ್ಲ. ತಾವೇ ಪರೀಕ್ಷಿಸಿ ನೋಡುವ ಈ ಒಂದು ಅಭ್ಯಾಸ ಹತ್ತು ನಿಯಮಗಳಿಗೆ ಸಮ. ರಾಬರ್ಟ್ ಸೀಗ್ಲರ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಮಕ್ಕಳ ಮಾಹಿತಿ ನೋಡಿದ್ದರು. ಹತ್ತು ವರ್ಷದ ಹೊತ್ತಿಗೆ ಭಿನ್ನರಾಶಿ ಮತ್ತು ಭಾಗಾಕಾರ ಎಷ್ಟು ಗೊತ್ತಿತ್ತು ಅನ್ನುವುದರಿಂದ ಪ್ರೌಢಶಾಲೆಯ ಗಣಿತ ಹೇಗಿರುತ್ತದೆ ಅಂತ ಊಹಿಸಬಹುದಿತ್ತು. ಮನೆಯ ಆದಾಯ, ಬುದ್ಧಿಮತ್ತೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅದು ನಿಂತಿತು. ಒಂಬತ್ತನೆಯ ತರಗತಿಯಲ್ಲಿ ಕೂತು ನಾಲ್ಕನೆಯ ತರಗತಿಯನ್ನು ನೆನೆದಾಗ ಆ ಮಾತು ನನಗೆ ಚೆನ್ನಾಗಿ ಅರ್ಥವಾಯಿತು.

ಇಲ್ಲಿನ ಅಡ್ಡಿ ಅಂಕ ಮತ್ತು ಸಮಯ. ಉತ್ತರಪತ್ರಿಕೆ ಕೊಟ್ಟ ತಕ್ಷಣ ಅಂಕ ನೋಡುತ್ತಾರೆ, ಪಕ್ಕದವರ ಅಂಕ ನೋಡುತ್ತಾರೆ, ಪತ್ರಿಕೆ ಬ್ಯಾಗಿಗೆ ಹೋಗುತ್ತದೆ. ನಾನು ಬರೆದ ಟಿಪ್ಪಣಿ ಯಾರೂ ಓದುವುದಿಲ್ಲ. ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದೆ ಸುಧಾರಿಸಿದರು. ಅಂಕ ಮತ್ತು ಟಿಪ್ಪಣಿ ಎರಡನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಹಾಗಾಗಿ ಕಿರುಪರೀಕ್ಷೆಗಳನ್ನು ಮೊದಲು ಅಂಕ ಇಲ್ಲದೆ ಹಿಂದಿರುಗಿಸಿದೆ. "ನಾಲ್ಕನೇ ಹೆಜ್ಜೆಯಲ್ಲಿ x = 2 ಹಾಕಿ ನೋಡು" ಅಂತ ಒಂದು ಸಾಲು. ತಿದ್ದಿ ವಾಪಸ್ ಕೊಟ್ಟ ಮೇಲೆ ಅಂಕ. ಮೊದಮೊದಲು ಗಲಾಟೆ ಆಯಿತು, ಪೋಷಕರೂ ಕೇಳಿದರು. ತಿದ್ದಿದ ಹಾಳೆಗಳನ್ನು ತೋರಿಸಿದ ಮೇಲೆ ಹೆಚ್ಚಿನವರು ಒಪ್ಪಿದರು.

ದೊಡ್ಡ ಮಕ್ಕಳಿಗೆ ಇನ್ನೊಂದು ಸೂಕ್ಷ್ಮ ಇದೆ. ತಮಗೆ ಮಾತ್ರ ಸಹಾಯ ಸಿಗುತ್ತಿದೆ ಅಂತ ಉಳಿದವರಿಗೆ ಕಾಣುವುದು ಅವರಿಗೆ ಬೇಡ. ದೊಡ್ಡ ಅಕ್ಷರದ ಹಾಳೆಯನ್ನು ಒಬ್ಬನ ಕೈಗೇ ಕೊಟ್ಟರೆ ಅವನು ಅದನ್ನು ಮಡಚಿ ಇಟ್ಟುಬಿಡುತ್ತಾನೆ. ಅಮೆರಿಕದಲ್ಲಿ 1984ರಲ್ಲಿ ಶುರುವಾದ ಕ್ಯಾಸ್ಟ್ ಸಂಸ್ಥೆ ಬೆಳೆಸಿದ 'ಕಲಿಕೆಯ ಸಾರ್ವತ್ರಿಕ ವಿನ್ಯಾಸ' ಎಂಬ ಚೌಕಟ್ಟು ಇಲ್ಲಿ ನೆರವಾಯಿತು. ಅದರ ಮೂಲ ಕಲ್ಪನೆ ಬಂದಿದ್ದು ಕಟ್ಟಡಗಳಿಂದ. ಮೆಟ್ಟಿಲ ಪಕ್ಕ ಗಾಲಿಕುರ್ಚಿಗೆ ಅಂತ ಮಾಡಿದ ಇಳಿಜಾರಿನಲ್ಲಿ ಮಗುವಿನ ಗಾಡಿ ತಳ್ಳುವವರು, ಭಾರದ ಸಾಮಾನು ಎಳೆಯುವವರು ಎಲ್ಲರೂ ಹೋಗುತ್ತಾರೆ. ಕಿಟಕಿ ಪಕ್ಕದ ಮೇಜಿನ ಮೇಲೆ ದೊಡ್ಡ ಅಕ್ಷರದ ಹಾಳೆ, ಸುಳಿವಿನ ಚೀಟಿ, ಬಿಡಿಸಿದ ಒಂದು ಉದಾಹರಣೆ, ಕಷ್ಟದ ಸವಾಲು, ಎಲ್ಲವನ್ನೂ ಇಟ್ಟೆ. ಯಾರು ಏನು ತೆಗೆದುಕೊಂಡರು ಅಂತ ಯಾರೂ ಕೇಳುವ ಹಾಗಿಲ್ಲ. ಸುಳಿವಿನ ಚೀಟಿ ಶುರುವಿನಲ್ಲಿ ಬೇಗ ಖಾಲಿಯಾಗುತ್ತಿತ್ತು. ದಿನ ಕಳೆದಂತೆ ಕೆಲವರು ಅದನ್ನು ತಿರುಗಿಸದೆ ಮೇಜಿನ ಮೇಲೆ ಇಟ್ಟುಕೊಂಡು ಮೊದಲು ತಾವೇ ಪ್ರಯತ್ನಿಸತೊಡಗಿದರು.

ಉತ್ತರ ತೋರಿಸುವ ದಾರಿಯನ್ನೂ ಅವರಿಗೇ ಬಿಟ್ಟೆ. ಬರೆದು ಕೊಡಬಹುದು, ಬೋರ್ಡಿನಲ್ಲಿ ವಿವರಿಸಬಹುದು, ಧ್ವನಿಮುದ್ರಿಸಿ ಕೊಡಬಹುದು. ಆದರೆ ಪ್ರತಿ ಹೆಜ್ಜೆಗೂ ಕಾರಣ ಇರಲೇಬೇಕು. ದಾರಿಯಲ್ಲಿ ಎಷ್ಟು ಬೇಕಾದರೂ ಸ್ವಾತಂತ್ರ್ಯ, ಗುರಿಯಲ್ಲಿ ರಿಯಾಯಿತಿ ಇಲ್ಲ. ಕನಿಕರದಿಂದ ಸುಲಭದ ಲೆಕ್ಕ ಕೊಟ್ಟು ಮೆಚ್ಚುವುದು ಮಗುವಿಗೆ ಮಾಡುವ ಅನ್ಯಾಯ ಅಂತಲೇ ನಾನು ಭಾವಿಸುತ್ತೇನೆ.

ಕಷ್ಟ ಉಳಿದಿಲ್ಲ ಅಂತಲ್ಲ. ತಯಾರಿಗೆ ಸಮಯ ಜಾಸ್ತಿ ಬೇಕು. "ಪೋರ್ಷನ್ ಮುಗಿಯೋದು ಯಾವಾಗ?" ಅನ್ನುವ ಒತ್ತಡ ಪ್ರತಿ ತಿಂಗಳೂ ಇರುತ್ತದೆ. ವರ್ಷದ ಕೊನೆಯ ಪರೀಕ್ಷೆ ಎಲ್ಲರಿಗೂ ಒಂದೇ ಥರ ಬರುತ್ತದೆ, ಅದರಲ್ಲಿ ಸುಳಿವಿನ ಚೀಟಿ ಇರುವುದಿಲ್ಲ. ಅದಕ್ಕೆ ಕೊನೆಯ ಕೆಲವು ವಾರ ಚೀಟಿಗಳನ್ನು ನಿಧಾನವಾಗಿ ಕಡಿಮೆ ಮಾಡಿದೆ. ತರಗತಿಯಲ್ಲಿ ಮಕ್ಕಳು ತುಂಬಾ ಇದ್ದಾಗ ಪಾಠದ ಕೊನೆಯಲ್ಲಿ ಅವರು ಉತ್ತರ ಬರೆದು ಕೊಡುವ ಚೀಟಿಗಳನ್ನು ದಿನಾ ನೋಡುವುದು ಆಗುವುದಿಲ್ಲ. ವಾರಕ್ಕೆ ಎರಡು ಸಲ ನೋಡಿದರೂ ಪಾಠದ ದಿಕ್ಕು ತಿಳಿಯುತ್ತದೆ.

ಈಗ ಈ ಮೂರು ತರಗತಿಯ ಶಿಕ್ಷಕರು ವರ್ಷದ ಶುರುವಿನಲ್ಲಿ ಒಟ್ಟಿಗೆ ಕೂರುತ್ತೇವೆ. ನಾಲ್ಕನೆಯ ತರಗತಿಯ ಚೀಟಿಗಳನ್ನು ಏಳನೆಯವರು ನೋಡುತ್ತಾರೆ, ಏಳನೆಯದನ್ನು ಒಂಬತ್ತನೆಯವರು. ಯಾವ ಮಗುವಿಗೆ ಯಾವ ಬದಲಾವಣೆ ಕೆಲಸ ಮಾಡಿತು ಅನ್ನುವುದನ್ನೂ ಬರೆದು ದಾಟಿಸುತ್ತೇವೆ: ಯಾವ ಕಡೆ ಕೂರಿಸಬೇಕು, ಎಷ್ಟು ದಪ್ಪ ಗೆರೆ ಬೇಕು, ಮಾತಾಡುವ ಮೊದಲು ಬರೆಯಲು ಎಷ್ಟು ಹೊತ್ತು ಬೇಕು. ದೊಡ್ಡ ಮಕ್ಕಳಾದರೆ ಅವರನ್ನೇ ಕೇಳಿ, ಅವರು ಒಪ್ಪಿದ್ದನ್ನು ಮಾತ್ರ ಬರೆಯುತ್ತೇವೆ. ಹೋದ ಸಲ ಒಂದು ಹುಡುಗಿ ತನ್ನ ಹಾಳೆಯನ್ನು ತಾನೇ ತುಂಬಿದಳು. ಕೊನೆಯ ಸಾಲು: "ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಕಾಯಿರಿ, ನಾನು ಹೇಳ್ತೀನಿ."